ಡಾಟಿಯಮ್ಮನ ಪಾತ್ರೆ

ಸಂಕೋಚದ ಹೆಂಗಸರು ಸುಳ್ಳು ಹೇಳುವುದಿಲ್ಲ ಎಂದು ಲೋಕ ನಂಬಿದೆ. ನಮಗೆ ಇದು ಬಹಳ ಅನುಕೂಲವಾದ ನಂಬಿಕೆ. ಜೋರಾಗಿ ಮಾತಾಡುವವರ ಸುಳ್ಳು ತಟ್ಟನೆ ಸಿಕ್ಕಿಬೀಳುತ್ತದೆ. ನಮ್ಮಂಥವರು ತಲೆ ತಗ್ಗಿಸಿಕೊಂಡು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, ಮೆಲ್ಲಗೆ ಹೇಳಿದ ಸುಳ್ಳು ಮಾತ್ರ ವರ್ಷಗಟ್ಟಲೆ ನಿಜದ ಜೊತೆ ಕೈಕೈ ಹಿಡಿದು ಓಡಾಡಿಕೊಂಡಿರುತ್ತದೆ. ಅಂಥ ಸುಳ್ಳೊಂದನ್ನು ನಾನು ಹೇಳಿದೆ. ಅದರ ದೆಸೆಯಿಂದ ನಮ್ಮ ಇಡೀ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಸೌತ್ ಕೆರೊಲಿನಾದ ಒಂದು ಪುಟ್ಟ ಊರಿಗೆ ಬಂದು ಬೀಳಬೇಕಾಯಿತು. ನಿಧಿ, ಅಕ್ಷಯ್, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ನಿಮ್ಮಿಬ್ಬರ ಕನ್ನಡ ಓದು ಇನ್ನೂ ಕಾಗುಣಿತ ದಾಟಿಲ್ಲ. ಆದ್ದರಿಂದ ಸದ್ಯಕ್ಕೆ ನಿಜ ಹೇಳಲು ನನಗೆ ಯಾವ ಭಯವೂ ಇಲ್ಲ.

ಮೊದಲು ನನ್ನ ಸಂಕೋಚದ ಅಳತೆ ನಿಮಗೆ ಗೊತ್ತಾಗಬೇಕು. ನಾಗಮಂಗಲದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಏಳನೇ ತರಗತಿಯವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗಿದಾಗ ನಾನು ‘ಹಾಜರ್ ಸಾರ್’ ಎನ್ನುತ್ತಿದ್ದುದು ನನಗೊಬ್ಬಳಿಗೇ ಕೇಳಿಸುತ್ತಿತ್ತು. ಒಂದು ವರ್ಷವಂತೂ ದಿನ ತಪ್ಪದೆ ಶಾಲೆಗೆ ಹೋದರೂ ಹಾಜರಿ ಪುಸ್ತಕದ ಪ್ರಕಾರ ನಾನು ಬಹುಪಾಲು ದಿನ ಬಂದೇ ಇರಲಿಲ್ಲ. ಅಪ್ಪ ಹೋಗಿ ವಿಚಾರಿಸಿದಾಗ ಮೇಷ್ಟ್ರು, ‘ಓಹೋ, ಅದು ನಿಮ್ಮ ಮಗಳೋ? ಕಂಬದ ಹಿಂದೆ ದಿನಾ ಒಂದು ಲಂಗ ಕಾಣಿಸೋದು, ಯಾರದ್ದು ಅಂತ ಗೊತ್ತಿರಲಿಲ್ಲ’ ಅಂದರಂತೆ.

ಹದಿನೆಂಟಕ್ಕೆ ಮದುವೆಯಾಗಿ ಮೈಸೂರಿಗೆ ಬಂದೆ. ನಿಮ್ಮ ತಾತ ಅಲ್ಲಿ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮೊದಲ ಸಲ ಒಬ್ಬಳೇ ಮಾರುಕಟ್ಟೆಗೆ ಹೋಗಿ, ಅಷ್ಟು ಜನರ ನಡುವೆ ಸೊಪ್ಪು ಕೊಂಡು, ಯಾರೊಬ್ಬರಿಂದಲೂ ‘ಯಾರ ಮಗಳವ್ವಾ ನೀನು?’ ಎಂದು ಕೇಳಿಸಿಕೊಳ್ಳದೆ ಮನೆಗೆ ಬಂದ ದಿನ ನನಗಾದ ಆನಂದ ಹೇಳತೀರದು. ಸಂಕೋಚದವರಿಗೆ ನಗರದಷ್ಟು ಸುಖದ ಜಾಗ ಇನ್ನೊಂದಿಲ್ಲ. ಹಳ್ಳಿಯಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ಹತ್ತು ಜನರಿಗೆ ಇವತ್ತು ಏನು ಸಾರು ಎಂದು ಹೇಳಬೇಕು. ನಗರದಲ್ಲಿ ನಿಮ್ಮ ಸಾರಿನ ಗೊಡವೆ ಯಾರಿಗೂ ಬೇಡ. ಮೂವತ್ತೆಂಟು ವರ್ಷ ಆ ಸುಖವನ್ನು ಉಂಡೆ. ತಾತ ಹೋದ ಮೇಲೆ ನಿಮ್ಮಮ್ಮ ವಸು ಬಂದು ನನ್ನನ್ನು ಅಮೆರಿಕದ ರಾಕ್‌ವಿಲ್‌ಗೆ ಕರೆದುಕೊಂಡು ಬಂದಳು. ಅಲ್ಲಿ ನಾಲ್ಕನೇ ಮಹಡಿಯಲ್ಲಿ ಮನೆ. ಲಿಫ್ಟಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡದೆ, ಬಾಗಿಲ ಮೇಲೆ ಹೊಳೆಯುವ ಅಂಕಿಗಳನ್ನೇ ಭಕ್ತಿಯಿಂದ ನೋಡುತ್ತಾ ನಿಂತಿರುತ್ತಿದ್ದರು. ಇದಪ್ಪಾ ನನ್ನ ಊರು ಅಂದುಕೊಂಡೆ.

ಇನ್ನು ಸುಳ್ಳಿನ ವಿಷಯ. ಅಕ್ಷಯ್, ಇದಕ್ಕೆಲ್ಲ ನೀನೇ ಮೂಲ. ಆಗ ನಿನಗೆ ಐದು ವರ್ಷ. ಒಂದು ತುತ್ತು ನಿನ್ನ ಗಂಟಲಲ್ಲಿ ಇಳಿಯಬೇಕಾದರೆ ಒಂದು ಕಥೆ ಬೇಕಾಗಿತ್ತು. ಮೈಸೂರಿನ ಬಸ್ ನಿಲ್ದಾಣದ ಕಥೆಗೆ ನೀನು ಬಾಯಿ ತೆರೆಯುತ್ತಿರಲಿಲ್ಲ. ಹಾಗಾಗಿ ನಾನು ಹಳ್ಳಿಗೆ ಹೋದೆ. ನಮ್ಮ ಹಳ್ಳಿಯ ಬಾವಿ ನೀರು ಕಬ್ಬಿನ ಹಾಲಿನಂತಿತ್ತು ಅಂದೆ. ನಿಜವಾಗಿ ಅದು ಸವಳು ನೀರು, ಬೇಳೆ ಬೇಯುತ್ತಿರಲಿಲ್ಲ. ನವಿಲು ದಿನಾ ಶಾಲೆಯ ಕಿಟಕಿಗೆ ಬಂದು ಪಾಠ ಕೇಳುತ್ತಿತ್ತು ಅಂದೆ. ನವಿಲು ಬಂದದ್ದು ಒಂದೇ ಒಂದು ಸಲ, ಅದೂ ಭಾನುವಾರ. ಊರಿನವರೆಲ್ಲ ಒಂದೇ ಮನೆಯವರ ಹಾಗೆ ಇದ್ದೆವು ಅಂದೆ. ಇದರಲ್ಲಿ ಸ್ವಲ್ಪ ನಿಜವಿತ್ತು, ಏಕೆಂದರೆ ಒಂದೇ ಮನೆಯವರ ಹಾಗೆಯೇ ಜಗಳವಾಡುತ್ತಿದ್ದೆವು. ನಾನು ಹೇಳಿದ್ದರಲ್ಲಿ ಕೂದಲೆಳೆಯಷ್ಟೂ ಬಣ್ಣ ಕಟ್ಟದ ಮಾತು ಒಂದೇ: ಹೊಸ ಕಡಲೆಕಾಯಿ ಬಂದಾಗ ಅವ್ವ ದೊಡ್ಡ ಮಡಕೆಯಲ್ಲಿ ಉಪ್ಪು ಹಾಕಿ ಬೇಯಿಸುತ್ತಿದ್ದಳು, ನಾವು ಜಗಲಿಯಲ್ಲಿ ಕೂತು ಸಿಪ್ಪೆಯ ಗುಡ್ಡೆ ಹಾಕುತ್ತಿದ್ದೆವು. ಆ ಕಥೆಗೆ ಮಾತ್ರ ನೀನು ಆಕಳಿಸಿದೆ.

ವಸುವಿನ ಡಾಕ್ಟರ್ ತರಬೇತಿ ಮುಗಿದಾಗ ಎರಡು ಕಡೆಯಿಂದ ಕರೆ ಬಂತು. ಒಂದು ಅಟ್ಲಾಂಟಾದ ದೊಡ್ಡ ಆಸ್ಪತ್ರೆ. ಇನ್ನೊಂದು ಸೌತ್ ಕೆರೊಲಿನಾದಲ್ಲಿ ಫೋರ್ಟ್ ಮಿಲ್ ಎಂಬ ಊರು ದಾಟಿ ಇನ್ನೂ ಒಂದೂವರೆ ಗಂಟೆ ದೂರದ ಒಂದು ಪುಟ್ಟ ಊರಿನ ದವಾಖಾನೆ. ಮೇಜಿನ ಸುತ್ತ ಎಲ್ಲರೂ ಕೂತಿದ್ದೆವು.

‘ಅಟ್ಲಾಂಟಾದಲ್ಲಿ ಐವತ್ತು ಡಾಕ್ಟರ್ ಜೊತೆ ನಾನು ಐವತ್ತೊಂದನೆಯವಳು,’ ಅಂದಳು ವಸು. ‘ಅಲ್ಲಿ ಊರಿಗೆಲ್ಲ ಮಕ್ಕಳ ಡಾಕ್ಟರ್ ಅಂತ ನಾನೊಬ್ಬಳೇ. ಇಬ್ರೂ ಆನ್ಸರ್ ಕೇಳ್ತಿದಾರೆ. ನನಗಂತೂ ಡಿಸೈಡ್ ಮಾಡೋಕೆ ಆಗ್ತಿಲ್ಲ.’

‘ನನಗೆ ಎಲ್ಲಾದ್ರೂ ಓಕೆ. ಇಂಟರ್ನೆಟ್ ಇದ್ರೆ ಸಾಕು, ಮನೆಯಿಂದಲೇ ವರ್ಕ್ ಮಾಡ್ತೀನಿ,’ ಅಂದರು ಅಳಿಯಂದಿರು. ‘ಅತ್ತೆಗೆ ಎಲ್ಲಿ ಹಿತವೋ ನೋಡೋಣ.’

ಎಲ್ಲರೂ ನನ್ನತ್ತ ತಿರುಗಿದರು. ಅಟ್ಲಾಂಟಾದಲ್ಲಿ ದೇವಸ್ಥಾನವಿದೆಯಂತೆ, ಕನ್ನಡದವರು ರಾಶಿ ಇದ್ದಾರಂತೆ, ಇಂಗು ಕರಿಬೇವು ಎಲ್ಲಾ ಹತ್ತಿರದಲ್ಲೇ ಸಿಗುತ್ತದಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ದೊಡ್ಡ ಊರಿನಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ‘ಅಟ್ಲಾಂಟಾ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಿಧಿ, ನೀನು ಕುರ್ಚಿಯ ಮೇಲೆ ಎದ್ದು ನಿಂತೆ.

‘ಅಜ್ಜಿ ಲೈಕ್ಸ್ ವಿಲೇಜ್! ಅಜ್ಜಿ ಹೇಳಿದ್ದಾರೆ! ಬಾವಿ ವಾಟರ್ ಲೈಕ್ ಶುಗರ್‌ಕೇನ್ ಜ್ಯೂಸ್!’

‘ಆ್ಯಂಡ್ ಪೀಕಾಕ್! ಪೀಕಾಕ್ ಸ್ಕೂಲಿಗೆ ಬರುತ್ತೆ!’ ಅಂದೆ ಅಕ್ಷಯ್, ನೀನು.

ವಸುವಿನ ಕಣ್ಣು ತುಂಬಿ ಬಂತು. ‘ಹೌದೇನಮ್ಮಾ? ಇಷ್ಟು ವರ್ಷ ಮೈಸೂರಲ್ಲಿ ಇದ್ಯಲ್ಲ, ಒಂದು ದಿನವಾದ್ರೂ ಹೇಳಿದ್ಯಾ? ನಿಂಗೆ ಸಣ್ಣ ಊರೇ ಇಷ್ಟಾನಾ?’

ಮೊಮ್ಮಕ್ಕಳ ಮುಂದೆ ಸುಳ್ಳುಗಾತಿ ಅನ್ನಿಸಿಕೊಳ್ಳುವುದು ಹೇಗೆ? ‘ಹಾಜರ್ ಸಾರ್’ ಎಂದು ಕೇಳಿಸುವಂತೆ ಹೇಳಲಾಗದ ಈ ಗಂಟಲಿನಿಂದ ಅವತ್ತು ‘ಹೂಂ’ ಎಂಬುದು ಗಂಟೆ ಬಾರಿಸಿದ ಹಾಗೆ ಹೊರಬಿತ್ತು.

‘ಹಾಗಾದ್ರೆ ಒಂದು ವರ್ಷ ಅಲ್ಲಿ ನೋಡೋಣ,’ ಅಂದಳು ವಸು. ‘ಅಟ್ಲಾಂಟಾದವರು ಮುಂದಿನ ವರ್ಷವೂ ಕರೀತೀವಿ ಅಂದಿದಾರೆ. ವರ್ಷ ಆದ ಮೇಲೆ ನೀನೇ ಹೇಳಮ್ಮ. ನಿನ್ನ ಮಾತೇ ಫೈನಲ್.’

ಒಂದು ವರ್ಷದಲ್ಲಿ ಒಂದು ವಾಕ್ಯ ಹೇಳುವಷ್ಟು ಧೈರ್ಯ ತಂದುಕೊಳ್ಳಲಾರೆನೇ? ಇಲ್ಲಿಗೆ ಬಂದ ದಿನದಿಂದಲೇ ಅಭ್ಯಾಸ ಶುರು ಮಾಡಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಪಾತ್ರೆ ತೊಳೆಯುವ ಸಿಂಕಿನ ಮುಂದೆ ನಿಂತು, ನೀರು ಜೋರಾಗಿ ಬಿಟ್ಟುಕೊಂಡು, ‘ಈ ಊರು ಬೇಡ ವಸು, ಅಟ್ಲಾಂಟಾಕ್ಕೆ ಹೋಗೋಣ’ ಎಂದು ಹೇಳಿಕೊಳ್ಳುತ್ತಿದ್ದೆ. ನೀರು ನಿಲ್ಲಿಸಿದರೆ ಮಾತೂ ನಿಂತುಹೋಗುತ್ತಿತ್ತು.

ಊರಿನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದೊಡ್ಡ ಬೀದಿ, ಎರಡು ಸಿಗ್ನಲ್ ದೀಪ, ಅವುಗಳಲ್ಲಿ ಒಂದು ಯಾವಾಗಲೂ ಹಳದಿಯಾಗಿ ಕಣ್ಣು ಮಿಟುಕಿಸುತ್ತಲೇ ಇರುತ್ತದೆ. ದೀಪ ಮಾತ್ರವಲ್ಲ, ಊರಿನಲ್ಲಿ ಎಲ್ಲರೂ ಮಾತಾಡಿಸುತ್ತಾರೆ. ಕಾರಿನಲ್ಲಿ ಹೋಗುವವರು, ಗುರುತು ಪರಿಚಯ ಒಂದೂ ಇಲ್ಲದೆ, ಕೈ ಎತ್ತಿ ಬೀಸುತ್ತಾರೆ. ಅವರು ಬೀಸಿದರೆ ನಾನೂ ಬೀಸಬೇಕು. ಯಾರೋ ಗಂಡಸಿಗೆ ಬೀದಿಯಲ್ಲಿ ನಿಂತು ಕೈ ಬೀಸುವುದೆಂದರೇನು! ಮೊದಲ ತಿಂಗಳು ಸಂಜೆ ತಿರುಗಾಟಕ್ಕೆ ಹೋದಾಗ ಕಾರಿನ ಸದ್ದು ಕೇಳಿದರೆ ಮರದ ಹಿಂದೆ ನಿಲ್ಲುತ್ತಿದ್ದೆ. ಐವತ್ತು ವರ್ಷವಾದರೂ ಕಂಬ ಬದಲಾಗಿತ್ತೇ ಹೊರತು ನಾನು ಬದಲಾಗಿರಲಿಲ್ಲ. ಹಿರಿಯ ಹೆಂಗಸರನ್ನೆಲ್ಲ ಹೆಸರಿನ ಹಿಂದೆ ‘ಮಿಸ್’ ಸೇರಿಸಿ ಕರೆಯುವುದು ಇಲ್ಲಿನ ಮರ್ಯಾದೆ. ಹೀಗೆ ಇಬ್ಬರು ಮೊಮ್ಮಕ್ಕಳ ಅಜ್ಜಿಯಾದ ಜಯಮ್ಮ ಇಲ್ಲಿ ‘ಮಿಸ್ ಜಯಾ’ ಆದಳು.

ಬಂದ ಮೂರನೆಯ ದಿನ ಬಾಗಿಲ ಗಂಟೆ ಸದ್ದಾಯಿತು. ಅಳಿಯಂದಿರು ಮೇಲಿನ ಕೋಣೆಯಲ್ಲಿ ಫೋನಿನಲ್ಲಿದ್ದರು. ಬಾಗಿಲ ಕಿಂಡಿಯಲ್ಲಿ ನೋಡಿದರೆ ಬೆಳ್ಳಿ ಕೂದಲಿನ, ತುಟಿಗೆ ಕೆಂಪು ಹಚ್ಚಿದ ಮುದುಕಿಯೊಬ್ಬಳು ಎರಡೂ ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಎದುರು ಮನೆಯ ಡಾಟಿ. ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವಳು ಎಂದು ಆಮೇಲೆ ತಿಳಿಯಿತು. ‘ವೆಲ್ಕಮ್, ಹನಿ!’ ಎಂದು ಶುರುಮಾಡಿ ಬಹಳ ಹೊತ್ತು ಮಾತಾಡಿದಳು. ನನಗೆ ಅರ್ಥವಾದದ್ದು ‘ಚಿಕನ್’ ಎಂಬ ಒಂದೇ ಶಬ್ದ. ನಾವು ಸಸ್ಯಾಹಾರಿಗಳು ಎಂದು ಹೇಳಬೇಕಿತ್ತು. ನಾನು ಏನು ಹೇಳಿರಬಹುದು, ನೀವೇ ಊಹಿಸಿ. ‘ಹೂಂ’ ಅಂದು ಎರಡೂ ಕೈಯಲ್ಲಿ ಇಸಿದುಕೊಂಡೆ.

ಆ ಚಿಕನ್ ಏನಾಯಿತು ಎಂಬುದನ್ನು ನಿಮ್ಮಪ್ಪನ ತಾಯಿ, ಆ ಮೈಸೂರಿನ ಅಜ್ಜಿಗೆ ಮಾತ್ರ ಹೇಳಬೇಡಿ. ‘ವೇಸ್ಟ್ ಆಗುತ್ತಲ್ಲ ಅತ್ತೆ’ ಎಂದು ಅಳಿಯಂದಿರು ಬಹಳ ನೊಂದುಕೊಂಡರು. ಎರಡು ದಿನ ನೊಂದುಕೊಂಡು ಪಾತ್ರೆ ಖಾಲಿ ಮಾಡಿದರು. ಅದನ್ನು ಒಂದು ಸಲ ಸೋಪಿನಲ್ಲಿ, ಒಂದು ಸಲ ಹುಣಸೆಹಣ್ಣಿನಲ್ಲಿ, ಇನ್ನೊಂದು ಸಲ ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ ತೊಳೆದು ಬೋರಲು ಹಾಕಿದೆ. ಅಂಚಿಗೆ ನೀಲಿ ಹೂವಿನ ಚಿತ್ರವಿದ್ದ ಬಿಳಿ ಪಾತ್ರೆ. ಅದರ ತಳದಲ್ಲಿ ಅಂಟಿಸಿದ ಟೇಪಿನ ಪಟ್ಟಿ, ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಡಾಟಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ನನಗೆ ಮೈ ಜುಮ್ಮೆಂದಿತು. ಮೈಸೂರಿನಲ್ಲಿ ನಮ್ಮ ಒಂದೊಂದು ಸ್ಟೀಲ್ ಡಬ್ಬಿಯ ಮೇಲೂ ನಿಮ್ಮ ತಾತನ ಹೆಸರು ಕೊರೆಸಿದ್ದೆವು. ಹೆಸರು ಕೊರೆಸುವುದು ಯಾಕೆ? ಪಾತ್ರೆ ನಾಲ್ಕು ಮನೆ ಸುತ್ತಿ ಬರಲಿ ಎಂದು. ಸುತ್ತಿ ಬರುವ ಪಾತ್ರೆ ಬರಿದಾಗಿ ಬರುವುದಿಲ್ಲ. ಪಕ್ಕದ ಮನೆಯಿಂದ ಹುಳಿ ಬಂದ ಬಟ್ಟಲನ್ನು ಕೊನೆಗೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು. ಖಾಲಿ ಕಳಿಸುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಸರಿ, ಕೇಸರಿಬಾತ್ ಮಾಡಿ ತುಂಬಿ, ಮೇಲೆ ಗೋಡಂಬಿ ಇಟ್ಟು, ನಿಧಿ, ನಿನ್ನ ಕೈಲಿ ಕಳಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನಾಲ್ಕನೆಯ ದಿನ ಅದೇ ಪಾತ್ರೆ, ಒಳಗೆ ಪೀಚ್ ಹಣ್ಣಿನ ಮೇಲೆ ಹಿಟ್ಟು ಹರಡಿ ಬೇಯಿಸಿದ ಸಿಹಿ, ನಮ್ಮ ಬಾಗಿಲಿಗೆ ಬಂತು. ನಾವು ಮಾಂಸ ತಿನ್ನುವುದಿಲ್ಲ ಎಂದು ವಸು ಹೇಳಿದ್ದಳಂತೆ. ನಾನು ಉಪ್ಪಿಟ್ಟು ಕಳಿಸಿದೆ. ಅವಳು ತನ್ನ ಊರಿನ ಉಪ್ಪಿಟ್ಟು ಕಳಿಸಿದಳು; ಗ್ರಿಟ್ಸ್ ಎನ್ನುತ್ತಾರೆ, ಮುಸುಕಿನ ಜೋಳದ ರವೆಯನ್ನು ಬೇಯಿಸಿ, ಪಾಪ, ಒಗ್ಗರಣೆ ಮರೆತು ಇಳಿಸಿದ್ದು. ಅದನ್ನು ತಿನ್ನಲಾರದೆ, ಚೆಲ್ಲಲಾರದೆ, ಸಾಸಿವೆ ಕರಿಬೇವು ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿ, ಅವಳ ಗ್ರಿಟ್ಸನ್ನು ಅವಳಿಗೇ ವಾಪಸು ಕಳಿಸಿಬಿಟ್ಟೆ. ಸಂಜೆ ಅವಳು ಮೂಗು ಒರೆಸಿಕೊಳ್ಳುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಬೀದಿ ದಾಟಿ ಬಂದು, ‘ಲಾರ್ಡ್ ಹ್ಯಾವ್ ಮರ್ಸಿ, ಮಿಸ್ ಜಯಾ!’ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಮಾರನೆಯ ದಿನ ಪಾತ್ರೆ ಹುರಿದ ಬೆಂಡೆಕಾಯಿ ತುಂಬಿಕೊಂಡು ಬಂತು.

ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಪಾತ್ರೆ ನಮ್ಮಲ್ಲಿದ್ದರೆ ನನಗೆ ಚಿಂತೆ, ಅವಳಲ್ಲಿದ್ದರೆ ಅವಳಿಗೆ. ಸಿಂಕಿನ ಮುಂದೆ ನಿಂತು ‘ಈ ಊರು ಬೇಡ ವಸು’ ಎಂದು ಅಭ್ಯಾಸ ಮಾಡುವಾಗಲೂ ಕೈ ಅವಳ ಪಾತ್ರೆಯನ್ನೇ ಉಜ್ಜುತ್ತಿರುತ್ತಿತ್ತು. ಶರತ್ಕಾಲ ಬರುವ ಹೊತ್ತಿಗೆ ಒಂದು ದಿನ ಮುಚ್ಚಳ ತೆಗೆದರೆ, ಉಪ್ಪುನೀರಿನಲ್ಲಿ ಬೇಯಿಸಿದ ಸಿಪ್ಪೆ ಸಹಿತ ಹಸಿ ಕಡಲೆಕಾಯಿ. ಇಲ್ಲಿ ರಸ್ತೆ ಬದಿಯಲ್ಲೆಲ್ಲ ಮಾರುತ್ತಾರಂತೆ. ನಾನು ಒಂದು ಸುಲಿದು ಬಾಯಿಗೆ ಹಾಕಿಕೊಂಡೆ. ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಅಷ್ಟನ್ನೂ ನಾನೊಬ್ಬಳೇ ತಿಂದೆ. ನೀವಿಬ್ಬರೂ ಶಾಲೆಯಿಂದ ಬಂದಾಗ ಸಿಪ್ಪೆಯ ಗುಡ್ಡೆ ಮಾತ್ರ ಉಳಿದಿತ್ತು. ‘ಪಾತ್ರೆಯಲ್ಲಿ ಏನು ಬಂತು ಅಜ್ಜಿ?’ ಎಂದು ನೀವು ಕೇಳಿದ್ದಕ್ಕೆ ‘ಏನಿಲ್ಲ, ಏನೋ ಸೊಪ್ಪು’ ಅಂದೆ. ಅದೂ ಸುಳ್ಳೇ, ಬರೆದುಕೊಳ್ಳಿ.

ವರ್ಷ ತುಂಬುತ್ತಾ ಬಂತು. ಅಟ್ಲಾಂಟಾದವರ ಕಾಗದ ಬಂದಿತ್ತು. ಶುಕ್ರವಾರ ಎಲ್ಲರೂ ಕೂತು ತೀರ್ಮಾನ ಮಾಡೋಣ ಅಂದಳು ವಸು. ವಾಕ್ಯ ನನಗೆ ಬಾಯಿಪಾಠವಾಗಿತ್ತು. ಆದರೆ ಪಾತ್ರೆ ನಮ್ಮ ಮನೆಯಲ್ಲಿತ್ತು. ಅದನ್ನು ತುಂಬಿ ಕಳಿಸಿದರೆ ಮತ್ತೆ ಬರುತ್ತದೆ. ಅದು ಬರುತ್ತಾ ಹೋಗುತ್ತಾ ಇರುವವರೆಗೆ ನನ್ನ ಬಾಯಿಂದ ‘ಬೇಡ’ ಹೊರಡುವುದಿಲ್ಲ ಎಂದು ನನಗೆ ಗೊತ್ತಾಗಿಹೋಗಿತ್ತು. ಮೊದಲು ಈ ನಂಟು ಕಡಿಯಬೇಕು. ಶುಕ್ರವಾರ ಮಧ್ಯಾಹ್ನ, ಅರವತ್ತು ದಾಟಿದ ನಾನು, ಪಾತ್ರೆಯನ್ನು ತೊಳೆದು ಒರೆಸಿ, ಸೆರಗಿನಲ್ಲಿ ಮುಚ್ಚಿಕೊಂಡು, ಕಳ್ಳಿಯ ಹಾಗೆ ಬೀದಿ ದಾಟಿ, ಡಾಟಿಯ ಬಾಗಿಲ ಮುಂದೆ ಖಾಲಿ ಇಟ್ಟು, ಗಂಟೆ ಒತ್ತಿ ಓಡಿಬಂದೆ. ಓಡಿದೆ ಎಂದರೆ ನಿಜವಾಗಿ ಓಡಿದೆ. ಒಂದು ಚಪ್ಪಲಿ ಅವಳ ಹುಲ್ಲಿನ ಮೇಲೆಯೇ ಉಳಿಯಿತು.

ಮನೆಯೊಳಗೆ ಬಂದು ಏದುಸಿರು ಬಿಡುತ್ತಾ ಕೂತೆ. ಐದು ನಿಮಿಷವಾಗಿಲ್ಲ, ಡಾಟಿ ಒಂದು ಕೈಯಲ್ಲಿ ನನ್ನ ಚಪ್ಪಲಿ, ಇನ್ನೊಂದು ಕೈಯಲ್ಲಿ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ‘ಯು ಆಲ್‌ರೈಟ್, ಹನಿ?’ ಎಂದು ಹತ್ತಿರ ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟಳು. ಓಡಿಬಂದ ಹಣೆ ಬೆವರುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಅವಳಿಗೆ ಅಷ್ಟೇ ಸಾಕಾಯಿತು. ನನ್ನನ್ನು ಸೋಫಾದ ಮೇಲೆ ಮಲಗಿಸಿ, ಹೊದಿಸಿ, ವಸುವಿನ ದವಾಖಾನೆಗೆ ಫೋನ್ ಮಾಡಿದಳು. ನಿಮ್ಮ ತಾತ ಹೋದ ಮೇಲೆ ಯಾರೂ ನನ್ನ ಹಣೆ ಮುಟ್ಟಿ ನೋಡಿರಲಿಲ್ಲ. ನಾನು ಕಾಯಿಲೆಯವಳಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇದಕ್ಕೆ ಮಾತ್ರ ಸಂಕೋಚ ಕಾರಣವಲ್ಲ.

ವಸು ಕೊರಳಲ್ಲಿ ಸ್ಟೆತಸ್ಕೋಪ್ ನೇತಾಡಿಸಿಕೊಂಡು ಓಡಿ ಬಂದಳು. ‘ಏನಾಯ್ತಮ್ಮಾ? ಮಿಸ್ ಡಾಟಿ ಕಾಲ್ ಮಾಡಿ, ಡಿಶ್ ಎಂಪ್ಟಿ ಬಂದಿದೆ, ಬೇಗ ಬಾ ಅಂತಾರೆ! ಆರು ಮಕ್ಕಳನ್ನ ಹಾಗೇ ಕೂರಿಸಿ ಬಂದೆ!’

‘ಏನಿಲ್ಲ ಕಣೇ. ಹಿಟ್ಟು ಮುಗಿದಿತ್ತು,’ ಅಂದೆ.

‘ಹಿಟ್ಟು ಮುಗಿದ್ರೆ ಚಪ್ಪಲಿ ಬಿಟ್ಟು ಓಡ್ತಾರಾ?’

ದವಾಖಾನೆಯಲ್ಲಿ ಕೂತಿದ್ದ ಆರು ಮಕ್ಕಳಿಗೂ ತಾಯಂದಿರಿದ್ದರಲ್ಲ. ಡಾಕ್ಟರ ತಾಯಿಗೆ ಹುಷಾರಿಲ್ಲ ಎಂಬ ಸುದ್ದಿ ಆ ಮಿಟುಕುವ ದೀಪ ದಾಟಿ ಊರ ಕೊನೆಯವರೆಗೆ ಹೋಯಿತು. ಸಂಜೆಯೊಳಗೆ ಡಾಟಿಯ ತರಕಾರಿ ಸೂಪು ಬಂತು, ಅದೇ ನೀಲಿ ಹೂವಿನ ಪಾತ್ರೆಯಲ್ಲಿ. ಅದರ ಹಿಂದೆಯೇ ಇನ್ನೂ ಮೂರು ಪಾತ್ರೆಗಳು ಬಂದವು. ನಾನು ಒಂದೊಂದನ್ನೂ ಎತ್ತಿ ತಳ ನೋಡಿದೆ. ಎಲ್ಲಕ್ಕೂ ಪಟ್ಟಿ, ಎಲ್ಲಕ್ಕೂ ಹೆಸರು.

ಊಟದ ಮೇಜಿನ ಮೇಲೆ ಆ ನಾಲ್ಕು ಪಾತ್ರೆಗಳ ನಡುವೆ ಕೈ ಇಡಲು ಜಾಗವಿರಲಿಲ್ಲ. ವಸು ಅಟ್ಲಾಂಟಾದ ಕಾಗದವನ್ನು ಅವುಗಳ ಸಂದಿಯಲ್ಲೇ ಬಿಡಿಸಿದಳು. ‘ಈಗ ಹೇಳಮ್ಮ. ಸುಸ್ತಾಗಿದ್ರೆ ನಾಳೆ ಹೇಳು. ಇಲ್ಲಿ ನಿಂಗೆ ಹಿಂಸೆ ಆಗ್ತಿದೆಯಾ? ಅಟ್ಲಾಂಟಾಕ್ಕೆ ಹೋಗೋಣ್ವಾ?’

ವರ್ಷವಿಡೀ ಉರುಹೊಡೆದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಪಾತ್ರೆಗಳನ್ನು ನೋಡಿದೆ.

‘ಮೊದಲು ಇವಿಷ್ಟೂ ವಾಪಸು ಹೋಗಬೇಕಲ್ಲೇ,’ ಅಂದೆ.

‘ಅದಕ್ಕೇನು ಅತ್ತೆ, ನಾಳೆ ನಾನೇ ಕೊಟ್ಟು ಬರ್ತೀನಿ,’ ಅಂದರು ಅಳಿಯಂದಿರು.

‘ಖಾಲಿಯಾ?’ ಅಂದೆ. ಅವರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಚಮಚ ಕೆಳಗಿಟ್ಟರು.

ವಸು ನನ್ನ ಮುಖವನ್ನೇ ನೋಡಿದಳು. ‘ಅಂದ್ರೆ... ಇಲ್ಲೇ ಇರೋಣ ಅಂತೀಯಾ?’

‘ಹೂಂ,’ ಅಂದೆ.

‘ಐ ಟೋಲ್ಡ್ ಯು!’ ಎಂದು ನಿಧಿ, ನೀನು ಮತ್ತೆ ಕುರ್ಚಿ ಹತ್ತಿದೆ. ‘ಅಜ್ಜಿ ಲೈಕ್ಸ್ ವಿಲೇಜ್!’

ಅಲ್ಲಿಂದೀಚೆಗೆ ನಾಲ್ಕು ವರ್ಷವಾಯಿತು. ಈಗ ಕಾರು ಬಂದರೆ ಮರದ ಹಿಂದೆ ಹೋಗುವುದಿಲ್ಲ. ಸೊಂಟದ ಮಟ್ಟಕ್ಕೆ ಕೈ ಎತ್ತಿ ಬೆರಳು ಆಡಿಸುತ್ತೇನೆ. ರಾಕ್‌ವಿಲ್‌ನ ಗೆಳತಿಯರು ಫೋನಿನಲ್ಲಿ ‘ಹೇಗಿದೆ ಜಯಮ್ಮ ನಿಮ್ಮ ಊರು?’ ಎಂದರೆ, ‘ಏನೋ ಇದೆ ಕಣ್ರೀ’ ಎಂದಷ್ಟೇ ಹೇಳುತ್ತೇನೆ. ಊರನ್ನು ಹೊಗಳಿದರೆ ಏನಾಗುತ್ತದೆಂದು ಒಂದು ಸಲ ನೋಡಿದ್ದೇನೆ. ಕಳೆದ ವಾರ ಡಾಟಿಯ ಮೊಮ್ಮಗಳು ತನ್ನ ಕೂಸನ್ನು ವಸುವಿಗೆ ತೋರಿಸಲು ಬಂದವಳು ಒಂದು ಮಾತು ಹೇಳಿದಳಂತೆ. ಡಾಟಿ ಪ್ರತಿ ಸಲ ಪಾತ್ರೆ ತುಂಬುವಾಗಲೂ ‘ಇದೇ ಕಡೆಯದು, ಇನ್ನು ನನ್ನ ಕೈಲಾಗುವುದಿಲ್ಲ’ ಎನ್ನುತ್ತಾಳಂತೆ. ಆದರೆ ಎದುರು ಮನೆಯ ಆ ಹೆಂಗಸು ಬಿಡಬೇಕಲ್ಲ, ಎಂಥ ಹಟಮಾರಿ ಎಂದು ಗೊಣಗಿಕೊಂಡು ಮತ್ತೆ ಒಲೆ ಹಚ್ಚುತ್ತಾಳಂತೆ. ಜನ್ಮದಲ್ಲಿ ಮೊದಲ ಸಲ ನನ್ನನ್ನು ಯಾರೋ ಹಟಮಾರಿ ಅಂದಿದ್ದಾರೆ. ಎರಡು ದಿನ ಅದೇ ಖುಷಿಯಲ್ಲಿದ್ದೆ.

ಈಗ ಪಾತ್ರೆ ನಮ್ಮಲ್ಲಿದೆ. ಬರೆಯುತ್ತಾ ಕೂತು ನಾಲ್ಕು ದಿನ ಕಳೆದುಬಿಟ್ಟೆ. ಇನ್ನೊಂದು ದಿನ ತಡವಾದರೆ ದವಾಖಾನೆಗೆ ಫೋನ್ ಹೋಗುತ್ತದೆ, ವಸು ಓಡಿ ಬರುತ್ತಾಳೆ. ಹಾಗಾಗಿ ಏಳುತ್ತೇನೆ, ಶ್ಯಾವಿಗೆ ಹುರಿಯಬೇಕು. ನಿಧಿ, ಅಕ್ಷಯ್, ನೀವು ಇದನ್ನು ಓದುವಷ್ಟು ಕನ್ನಡ ಕಲಿತ ದಿನ ನಿಮಗೆ ಎಲ್ಲಾ ಗೊತ್ತಾಗುತ್ತದೆ. ನವಿಲಿನ ವಿಷಯ ಯಾರಿಗೆ ಬೇಕಾದರೂ ಹೇಳಿಕೊಳ್ಳಿ. ಬಾವಿ ನೀರು ಸವಳಾಗಿತ್ತೆಂದು ನಿಮ್ಮಮ್ಮನಿಗೆ ಮಾತ್ರ ಹೇಳಬೇಡಿ. ಅಯ್ಯೋ ಪಾಪ, ಅಮ್ಮನಿಗೆ ಸಣ್ಣ ಊರು ಇಷ್ಟವೇ ಇರಲಿಲ್ಲ ಎಂದು ಅವಳು ಅಟ್ಲಾಂಟಾಕ್ಕೆ ಹೊರಟುಬಿಟ್ಟಾಳು.